ಹಚ್ಚಿದ್ದು ಅರ್ಧ, ಒರೆಸಿದ್ದು ಅರ್ಧ

ತೈಲವರ್ಣದಲ್ಲಿ ಹೂವು ಬಿಡಿಸಿದವರಿಗೆ ಸಿಗುವ ಮೆಚ್ಚುಗೆ ಎಲೆ ಬಿಡಿಸಿದವರಿಗೆ ಸಿಗುವುದಿಲ್ಲ. ನೋಡುವವರ ಕಣ್ಣು ಮೊದಲು ಕೆಂಪಿಗೆ ಹೋಗುತ್ತದೆ, ಹಳದಿಗೆ ಹೋಗುತ್ತದೆ. ಹಸಿರನ್ನು ಹಿನ್ನೆಲೆಯೆಂದು ಬದಿಗೆ ಸರಿಸುತ್ತದೆ. ನೋಡುವವರು ಸರಿಸಲಿ, ಅದಕ್ಕೆ ನನ್ನ ಅಭ್ಯಂತರವಿಲ್ಲ. ಬಿಡಿಸುವವರೂ ಹಾಗೆಯೇ ಸರಿಸಿಬಿಡುತ್ತಾರೆ ಎನ್ನುವುದು ನನ್ನ ತಕರಾರು. ಗುಲಾಬಿಯ ಒಂದೊಂದು ಪಕಳೆಯ ಮುಂದೆಯೂ ಗಂಟೆಗಟ್ಟಲೆ ಕುಳಿತವರು ಎಲೆಯ ಸರದಿ ಬಂದಾಗ ಹಸಿರು ಟ್ಯೂಬನ್ನು ಹಿಂಡಿ, ಎರಡು ಬಾಗುಗೆರೆ ಎಳೆದು, ನಡುವೆ ಒಂದು ಕಡ್ಡಿ ನಿಲ್ಲಿಸಿ ಕೈತೊಳೆದುಕೊಳ್ಳುತ್ತಾರೆ. ಚಿತ್ರ ಕೆಡುವುದು ಅಲ್ಲಿಯೇ. ಎಲೆ ಸುಳ್ಳಾದರೆ ಅದರ ಮೇಲೆ ಕುಳಿತ ಹೂವೂ ಕಾಗದದ್ದಾಗುತ್ತದೆ.

ಈ ಎರಡು ಬಾಗುಗೆರೆಯ ಎಲೆ ನಮ್ಮೆಲ್ಲರ ಕೈಯಲ್ಲೂ ಕೂತಿದೆ. ಚಿಕ್ಕಂದಿನಲ್ಲಿ ಕಲಿತದ್ದು: ಎರಡು ತುದಿ ಚೂಪು, ನಡುವಿಗೆ ಒಂದು ಗೆರೆ, ಆ ಗೆರೆಯಿಂದ ಎರಡೂ ಕಡೆಗೆ ಲೆಕ್ಕ ಹಾಕಿದಂತೆ ಸಮನಾದ ಕಿರುಗೆರೆಗಳು. ಪೆನ್ಸಿಲ್ ಹಿಡಿದರೂ ಅದೇ, ಕುಂಚ ಹಿಡಿದರೂ ಅದೇ. ಎದುರಿಗೆ ನಿಜವಾದ ಎಲೆ ಇಟ್ಟುಕೊಂಡರೂ ಕಣ್ಣು ಅದನ್ನು ನೋಡುವ ಮೊದಲೇ ಕೈ ತನ್ನ ಹಳೆಯ ಎಲೆಯನ್ನು ಬರೆದು ಮುಗಿಸಿರುತ್ತದೆ. ಎಲೆ ಬಿಡಿಸುವ ಸರಳ ವಿಧಾನಗಳ ಬಗ್ಗೆ ಮಾತಾಡುವವರು ಕುಂಚದ ಅಳತೆಯಿಂದ ಶುರು ಮಾಡುತ್ತಾರೆ. ನನಗೆ ಕಾಣುವಂತೆ, ಮೊದಲು ಆ ಹಳೆಯ ಎಲೆಯನ್ನು ಕೈಯಿಂದ ಬಿಡಿಸಿಕೊಳ್ಳಬೇಕು. ಅದಕ್ಕೆ ಇರುವ ಸುಲಭದ ದಾರಿಯೆಂದರೆ ಗೆರೆ ಎಳೆಯದಿರುವುದು. ಎಲೆಯನ್ನು ಬಣ್ಣದ ಹರವಾಗಿ ಇಟ್ಟು, ಬೇಡದ್ದನ್ನು ಆಮೇಲೆ ತೆಗೆಯುವುದು. ತೈಲವರ್ಣ ತಡವಾಗಿ ಒಣಗುವುದರಿಂದ ಈ ತೆಗೆಯುವ ಕೆಲಸಕ್ಕೆ ಅದರಷ್ಟು ಒಗ್ಗುವ ಮಾಧ್ಯಮ ಇನ್ನೊಂದಿಲ್ಲ. ಹಚ್ಚುವುದನ್ನು ಎಲ್ಲರೂ ಕಲಿಸುತ್ತಾರೆ; ಒರೆಸುವುದನ್ನು ಕಲಿಸುವವರು ಕಡಿಮೆ.

ಬಣ್ಣ ಕಲಸುವ ಮೊದಲು ಒಂದು ಎಲೆಯನ್ನು ಕಿಟಕಿಯ ಹತ್ತಿರ ಹಿಡಿದು ನೋಡಿ. ಸ್ವಲ್ಪ ದಪ್ಪಗಿನ, ಹೊಳಪಿರುವ ಎಲೆಯಾದರೆ ಒಳ್ಳೆಯದು. ಬೆಳಕು ನೇರವಾಗಿ ಬಿದ್ದ ಕಡೆ ಅದು ಹಸಿರಾಗಿಯೇ ಇರುವುದಿಲ್ಲ. ಬೂದು ಬೆರೆತ ನಸುನೀಲಿಯಾಗಿರುತ್ತದೆ. ಎಲೆಯ ಮೇಲ್ಮೈಯಲ್ಲಿ ಮೇಣದಂಥ ತೆಳುಪೊರೆಯಿದೆ, ಅದು ಬೆಳಕನ್ನು ಬಣ್ಣ ಬದಲಿಸದೆ ಹಾಗೆಯೇ ಹಿಂದಿರುಗಿಸುತ್ತದೆ. ಆಕಾಶದ ಬೆಳಕಾದರೆ ನೀಲಿ, ದೀಪದ ಬೆಳಕಾದರೆ ಹಳದಿ. ಈಗ ಎಲೆಯನ್ನು ಮೇಲೆತ್ತಿ, ಬೆಳಕಿಗೂ ಕಣ್ಣಿಗೂ ನಡುವೆ ಹಿಡಿಯಿರಿ. ಅದೇ ಎಲೆ ಹಳದಿ ಉಕ್ಕುವ ಗಿಳಿಹಸಿರಾಗುತ್ತದೆ. ಒಳಗಿನ ಪತ್ರಹರಿತ್ತು ಕೆಂಪನ್ನೂ ನೀಲಿಯನ್ನೂ ನುಂಗಿ ಉಳಿದದ್ದನ್ನು ಈಚೆ ಬಿಡುತ್ತದೆ. ಎಲೆಯನ್ನು ಮಗುಚಿದರೆ ಮೂರನೆಯ ಬಣ್ಣ: ಮಂಕಾದ, ಬಿಳಿಚಿದ ಹಸಿರು. ಕೆಳಮೈಯ ಒಳಗೆ ಜೀವಕೋಶಗಳು ಸಡಿಲವಾಗಿದ್ದು, ಅವುಗಳ ನಡುವೆ ಗಾಳಿ ತುಂಬಿರುವುದರಿಂದ ಬೆಳಕು ಅಲ್ಲಿ ಚದುರುತ್ತದೆ. ಇನ್ನು ನೆರಳಿನ ಭಾಗದ ಕಡುಹಸಿರು ನಾಲ್ಕನೆಯದು. ಒಂದೇ ಎಲೆಯಲ್ಲಿ ಇಷ್ಟು ಬಣ್ಣ ಇರುವಾಗ ಒಂದೇ ಟ್ಯೂಬಿನಿಂದ ಅದನ್ನು ಬಿಡಿಸುತ್ತೇನೆಂದು ಹೊರಡುವುದು ಎಂಥ ಧೈರ್ಯ!

ಟ್ಯೂಬಿನ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಹಿಂಡಿದರೆ ಬಣ್ಣ ಬರುವ ತವರದ ಟ್ಯೂಬಿಗೆ ಅಮೆರಿಕದ ಚಿತ್ರಕಾರ ಜಾನ್ ಗೋಫ್ ರ‍್ಯಾಂಡ್ ಪೇಟೆಂಟ್ ಪಡೆದದ್ದು 1841ರಲ್ಲಿ. ಅದಕ್ಕೂ ಮೊದಲು ಕಲಸಿದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಕಟ್ಟಿಡುತ್ತಿದ್ದರು. ಟ್ಯೂಬು ಬಂದು ಬಣ್ಣದ ಪೆಟ್ಟಿಗೆ ಹೊರಗೆ ನಡೆಯುವಂತಾಯಿತು, ಗಿಡಮರಗಳ ಮುಂದೆಯೇ ಕುಳಿತು ಬಿಡಿಸುವುದು ಹಗುರವಾಯಿತು. ಆದರೆ ಹಸಿರಿನ ಸಮಸ್ಯೆ ಅದರಿಂದ ಬಗೆಹರಿಯಲಿಲ್ಲ. ಚಿತ್ರಕಾರರಿಗೆ ನಂಬಿಕಸ್ಥ ಹಸಿರು ಸಿಕ್ಕಿದ್ದೇ ತಡವಾಗಿ. ಹಳೆಯ ಕಾಲದ ತಾಮ್ರದ ಹಸಿರುಗಳು ಎಷ್ಟೋ ಚಿತ್ರಗಳಲ್ಲಿ ಕಂದು ತಿರುಗಿ, ಬೇಸಿಗೆಯ ಮರಗಳು ಶಾಶ್ವತವಾಗಿ ಒಣಗಿ ನಿಂತಿವೆ. 1775ರಲ್ಲಿ ರಸಾಯನಶಾಸ್ತ್ರಜ್ಞ ಷೀಲೆ ಕಂಡುಹಿಡಿದ ಹಸಿರೂ 1814ರ ಎಮರಾಲ್ಡ್ ಹಸಿರೂ ಕಣ್ಣಿಗೆ ಹಬ್ಬವಾಗಿದ್ದವು, ಒಡಲಲ್ಲಿ ಮಾತ್ರ ಆರ್ಸೆನಿಕ್ ವಿಷ. 1859ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗಿನ್ಯೆ ಪೇಟೆಂಟ್ ಪಡೆದ ವಿರಿಡಿಯನ್ ಬಂದ ಮೇಲೆಯೇ ವಿಷವೂ ಇಲ್ಲದ, ಬಣ್ಣವೂ ಮಾಸದ ತಂಪು ಹಸಿರೊಂದು ಬಣ್ಣ ಕಲಸುವ ಹಲಗೆಗೆ, ಅಂದರೆ ಪ್ಯಾಲೆಟ್ಟಿಗೆ, ಸೇರಿತು. 1930ರ ದಶಕದ ಥ್ಯಾಲೋ ಹಸಿರು ಅದಕ್ಕಿಂತಲೂ ಗಟ್ಟಿ. ಸಾಸಿವೆಯಷ್ಟು ತಗುಲಿದರೂ ಇಡೀ ಪ್ಯಾಲೆಟ್ಟನ್ನು ಆಕ್ರಮಿಸುತ್ತದೆ.

ಹಸಿರನ್ನು ನೀಲಿ ಮತ್ತು ಹಳದಿಯಿಂದ ಕಲಸಿದವರಿಗೂ ಕಾಲ ಕೈಕೊಟ್ಟದ್ದಿದೆ. ಡಚ್ ಚಿತ್ರಕಾರ ವರ್ಮೀರ್ ಸುಮಾರು 1658ರಲ್ಲಿ ಬಿಡಿಸಿದ, ಈಗ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿರುವ ಪುಟ್ಟ ಬೀದಿಯ ಚಿತ್ರದಲ್ಲಿ ಬಳ್ಳಿಯ ಎಲೆಗಳು ನೀಲಿಯಾಗಿವೆ. ಅವನೇನೂ ನೀಲಿ ಎಲೆ ಬಿಡಿಸಿರಲಿಲ್ಲ. ಸಸ್ಯಮೂಲದ ಹಳದಿ ಬೆಳಕಿಗೆ ಮಾಸಿಹೋಯಿತು, ನೀಲಿ ಉಳಿಯಿತು. ಆ ಕಾಲದ ಡಚ್ಚರ ಹೂಚಿತ್ರಗಳಲ್ಲೂ ಇಂಥ ನೀಲಿ ಎಲೆಗಳು ಬೇಕಾದಷ್ಟಿವೆ. ಇಂದಿನ ಕ್ಯಾಡ್ಮಿಯಂ ಹಳದಿಗೆ ಆ ಭಯವಿಲ್ಲ. ಆದರೂ ಅಗ್ಗದ ಟ್ಯೂಬು ಕೊಳ್ಳುವಾಗ ಅದರ ಮೇಲೆ ಬಣ್ಣ ಎಷ್ಟು ಕಾಲ ಬಾಳುತ್ತದೆಂದು ಬರೆದಿರುವುದನ್ನು ಓದುವುದು ಒಳ್ಳೆಯ ಅಭ್ಯಾಸ.

ನನ್ನ ಮಟ್ಟಿಗೆ, ಎಲೆಗೆ ಟ್ಯೂಬಿನ ಹಸಿರು ಬೇಡವೇ ಬೇಡ ಎನ್ನುವ ಹಟವಿಲ್ಲ. ಅದನ್ನು ಹಾಗೆಯೇ ಹಚ್ಚಬಾರದು, ಅಷ್ಟೇ. ಯಾವ ಹಸಿರಿಗಾದರೂ ಚೂರು ಕೆಂಪು ಬೇಕು. ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣದ ಒಂದು ಚುಕ್ಕೆ ಬೆರೆತರೆ ಹಸಿರಿನ ಕಿರುಚಾಟ ನಿಲ್ಲುತ್ತದೆ. ವಿರಿಡಿಯನ್ನಿಗೆ ಅಲಿಜರಿನ್ ಕೆಂಪು ಬೆರೆಸಿದರೆ ಕಪ್ಪಿಗೆ ಹತ್ತಿರದ ಆಳವಾದ ನೆರಳು ಸಿಗುತ್ತದೆ, ಕಪ್ಪು ಟ್ಯೂಬಿನಿಂದ ಅದು ಬರುವುದಿಲ್ಲ. ಅಲ್ಟ್ರಾಮರೀನ್ ನೀಲಿಯಲ್ಲಿ ಸ್ವಲ್ಪ ಕೆಂಪಿನ ಒಲವು ಇರುವುದರಿಂದ ಅದಕ್ಕೆ ಕ್ಯಾಡ್ಮಿಯಂ ಹಳದಿ ಸೇರಿಸಿದಾಗ ತಾನಾಗಿಯೇ ತಗ್ಗಿದ, ಬಲಿತ ಎಲೆಯ ಹಸಿರು ಹುಟ್ಟುತ್ತದೆ. ಚಿಗುರಿಗೆ ಥ್ಯಾಲೋ ನೀಲಿ ಮತ್ತು ನಿಂಬೆ ಹಳದಿ. ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಬಹಳ ಜನ ನಂಬದ ಒಂದು ಜೋಡಿ: ಐವರಿ ಕಪ್ಪು ಮತ್ತು ಹಳದಿ. ಕಪ್ಪು ಇಲ್ಲಿ ನೀಲಿಯ ಕೆಲಸ ಮಾಡಿ, ಧೂಳು ಕುಳಿತ ಹಳೆಯ ಎಲೆಗಳ ಪಾಚಿಹಸಿರನ್ನು ಕೊಡುತ್ತದೆ. ಒಂದು ಸಂಜೆ ಪೂರ್ತಿ ಈ ಎರಡೇ ಟ್ಯೂಬು ಮತ್ತು ಬಿಳಿ ಇಟ್ಟುಕೊಂಡು ಕೂರಬಹುದು, ಬೇಸರವಾಗುವುದಿಲ್ಲ.

ಬಿಳಿಯ ವಿಷಯದಲ್ಲಿ ಮಾತ್ರ ಕೈಬಿಗಿ ಇರಲಿ. ಹಸಿರನ್ನು ತಿಳಿಯಾಗಿಸಲು ಟೈಟೇನಿಯಂ ಬಿಳಿ ಬೆರೆಸಿದ ಕೂಡಲೇ ಅದು ಸುಣ್ಣ ಬಳಿದ ಗೋಡೆಯ ಬಣ್ಣವಾಗುತ್ತದೆ. ತಿಳಿಯಾಗಿಸುವುದಕ್ಕೆ ಹಳದಿ ಇದೆ. ಬಿಳಿಯನ್ನು ಮೇಣದ ಹೊಳಪಿಗೂ ಕೆಳಮೈಯ ಮಂಕಿಗೂ ಮೀಸಲಿಡಬೇಕು.

ಈಗ ಒಂದು ಎಲೆ. ಕ್ಯಾನ್ವಾಸಿಗೆ ಮೊದಲೇ ತೆಳುವಾಗಿ ಕಂದು ಬಳಿದು ಒಣಗಿಸಿಟ್ಟಿದ್ದರೆ ಅರ್ಧ ಕೆಲಸ ಮುಗಿದಂತೆ. ಬಿಳಿ ಕ್ಯಾನ್ವಾಸಿನ ಮೇಲೆ ಪ್ರತಿಯೊಂದು ಹಸಿರೂ ಕಡುವಾಗಿ ಕಂಡು ಕಣ್ಣನ್ನು ದಾರಿ ತಪ್ಪಿಸುತ್ತದೆ. ಮೇಲಾಗಿ, ಮುಂದೆ ಒರೆಸಿದಾಗ ಅಡಿಯಿಂದ ಬೆಚ್ಚನೆಯ ಕಂದು ಹೊರಬರಬೇಕು. ಮಧ್ಯಮ ಹಸಿರನ್ನು ತೆಳುವಾಗಿ ಕಲಸಿ, ತುದಿ ದುಂಡಗಿರುವ ಚಪ್ಪಟೆ ಕುಂಚವನ್ನು, ಅಂದರೆ ಫಿಲ್ಬರ್ಟನ್ನು, ಅದರಲ್ಲಿ ಅದ್ದಿ. ತೊಟ್ಟಿನ ಕಡೆಯಿಂದ ಕುಂಚದ ಅಂಚನ್ನು ಊರಿ, ಒತ್ತುತ್ತಾ ಎಳೆದು, ತುದಿ ಬರುತ್ತಿದ್ದಂತೆ ತಿರುವುತ್ತಾ ಎತ್ತಿ. ಒತ್ತಿದಲ್ಲಿ ಎಲೆ ಅಗಲವಾಗುತ್ತದೆ, ಎತ್ತಿದಲ್ಲಿ ಚೂಪಾಗುತ್ತದೆ. ಇದು ಎಲೆಯ ಅರ್ಧ ಭಾಗ. ಇನ್ನರ್ಧವನ್ನು ಇದರ ಪಕ್ಕದಲ್ಲೇ, ಸ್ವಲ್ಪ ಬೇರೆಯಾದ ಹಸಿರಿನಲ್ಲಿ ಎಳೆಯಬೇಕು.

ಬೇರೆ ಹಸಿರು ಏಕೆಂದರೆ ಎಲೆ ಚಪ್ಪಟೆಯಲ್ಲ. ನಡುನರದ ಉದ್ದಕ್ಕೂ ಅದು ತೆರೆದ ಪುಸ್ತಕದ ಹಾಗೆ ಮಡಚಿಕೊಂಡಿರುತ್ತದೆ. ಒಂದು ಪುಟಕ್ಕೆ ಬೆಳಕು ಬಿದ್ದರೆ ಇನ್ನೊಂದು ಪುಟಕ್ಕೆ ಬೀಳುವುದಿಲ್ಲ. ಎಲೆ ಬಿಡಿಸುವ ಇಡೀ ವಿದ್ಯೆಯಲ್ಲಿ ನೆನಪಿಡಬೇಕಾದ ಒಂದೇ ಒಂದು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಎರಡು ಎಳೆತ, ಎರಡು ಹಸಿರು. ನಡುನರವನ್ನು ಬಿಡಿಸುವ ಅಗತ್ಯವೇ ಬೀಳುವುದಿಲ್ಲ, ಎರಡು ಬಣ್ಣ ಸೇರುವ ಗಡಿಯೇ ನಡುನರ. ಒಂದೇ ಕುಂಚದ ಒಂದು ಮೂಲೆಗೆ ಕಡು ಬಣ್ಣ, ಇನ್ನೊಂದು ಮೂಲೆಗೆ ತಿಳಿ ಬಣ್ಣ ತೆಗೆದುಕೊಂಡು ಒಂದೇ ಎಳೆತಕ್ಕೆ ಎರಡನ್ನೂ ಇಳಿಸುವ ಚಮತ್ಕಾರವೂ ಇದೆ. ನೋಡಲು ಚೆಂದ. ಆದರೆ ಚಿತ್ರದ ತುಂಬ ಅದನ್ನೇ ಮಾಡಿದರೆ ಎಲ್ಲ ಎಲೆಗಳೂ ಒಂದೇ ಅಚ್ಚಿನಿಂದ ಬಿದ್ದಂತೆ ಕಾಣುತ್ತವೆ. ಬೀಸಣಿಗೆ ಕುಂಚದ ಬಗ್ಗೆಯೂ ನನಗೆ ಇದೇ ದೂರು: ಬೇಗ ಬಹಳ ಎಲೆಗಳನ್ನು ಕೊಡುತ್ತದೆ, ಒಂದನ್ನೂ ಗಮನಿಸಲು ಬಿಡುವುದಿಲ್ಲ.

ಇನ್ನು ಒರೆಸುವುದು. ನರಗಳನ್ನು ತೆಳುಕುಂಚದಿಂದ ಬಿಳಿಯಾಗಿ ಎಳೆದ ಚಿತ್ರ ಕಂಡಾಗ ನನಗೆ ಕೈ ಹಿಡಿದು ನಿಲ್ಲಿಸಬೇಕೆನಿಸುತ್ತದೆ. ಆ ಗೆರೆಗಳು ಎಲೆಯೊಳಗೆ ಇಳಿಯುವುದಿಲ್ಲ, ಎಲೆಯ ಮೇಲೆ ದಾರ ಚೆಲ್ಲಿದಂತೆ ತೇಲುತ್ತವೆ. ಅನೇಕ ಎಲೆಗಳ ಮೇಲ್ಮೈಯಲ್ಲಿ ನರ ತುಸು ತಗ್ಗಿಗೆ ಇಳಿದಿರುತ್ತದೆ, ಕೆಳಮೈಯಲ್ಲಿ ಉಬ್ಬಿರುತ್ತದೆ. ತಗ್ಗನ್ನು ತೋರಿಸಲು ಬಣ್ಣ ಏರಿಸುವುದೇಕೆ, ತೆಗೆದರಾಯಿತು. ಹಸಿ ಬಣ್ಣದ ಮೇಲೆ ಕುಂಚದ ಹಿಡಿಯ ತುದಿಯಿಂದ ಮೆಲ್ಲಗೆ ಗೀಚಿದರೆ ಅಡಿಯ ಕಂದು ಒಂದು ಎಳೆಯಷ್ಟು ಇಣುಕುತ್ತದೆ, ಅದರ ಎರಡೂ ಬದಿಗೆ ಸರಿದ ಬಣ್ಣ ಸಣ್ಣ ದಿಣ್ಣೆಯಾಗಿ ನಿಂತು ತನ್ನದೇ ನೆರಳು ಬೀಳಿಸುತ್ತದೆ. ಅಗಲವಾದ ನಡುನರಕ್ಕೆ ಹತ್ತಿಬಟ್ಟೆಯನ್ನು ಉಗುರಿಗೆ ಬಿಗಿಯಾಗಿ ಸುತ್ತಿ ಒಂದೇ ಸಲ ಎಳೆದರೆ ಸಾಕು. ಎರಡನೆಯ ಸಲ ಎಳೆಯಬಾರದು. ಬಟ್ಟೆಗೆ ಹತ್ತಿದ ಬಣ್ಣ ಮತ್ತೆ ಎಲೆಗೆ ಹತ್ತಿ ರಾಡಿಯಾಗುತ್ತದೆ. ಪ್ರತಿ ಎಳೆತಕ್ಕೂ ಬಟ್ಟೆಯ ಹೊಸ ಭಾಗ.

ಇದಕ್ಕೆ ಹೊತ್ತು ನೋಡಿಕೊಳ್ಳಬೇಕು. ಬಣ್ಣ ತೀರ ಹಸಿಯಾಗಿದ್ದರೆ ಗೀಚಿದ ಗೆರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಬೆರಳಿಗೆ ಅಂಟುವಷ್ಟು ಬಿಗಿದಾಗ ಗೆರೆ ನಿಲ್ಲುತ್ತದೆ, ಅಂಚು ಚೂರು ಹರಿದು ಇನ್ನಷ್ಟು ಸಹಜವಾಗಿ ಕಾಣುತ್ತದೆ. ಎಲ್ಲ ನರಗಳನ್ನೂ ಗೀಚುವ ಆಸೆ ಆಗುತ್ತದೆ. ಬೆಳಕಿನ ಅರ್ಧದಲ್ಲಿ ಎರಡು ಮೂರು, ನೆರಳಿನ ಅರ್ಧದಲ್ಲಿ ಒಂದೋ ಇಲ್ಲವೇ ಇಲ್ಲವೋ. ಉಳಿದವನ್ನು ನೋಡುವವರೇ ಪೂರೈಸಿಕೊಳ್ಳುತ್ತಾರೆ. ಮೇಲೆದ್ದ ನರ ತೋರಿಸಲೇಬೇಕಾದ ಕಡೆ, ಉದಾಹರಣೆಗೆ ಮಗುಚಿದ ಎಲೆಯ ಬೆನ್ನಲ್ಲಿ, ರಿಗ್ಗರ್ ಎಂಬ ಉದ್ದ ಕೂದಲಿನ ಕುಂಚ ಇದೆ. ಹಡಗಿನ ಹಗ್ಗಗಳನ್ನು ಬಿಡಿಸಲು ಬಳಕೆಗೆ ಬಂದ ಕುಂಚ ಅದು, ತೆಳ್ಳಗಿನ ಬಣ್ಣ ತುಂಬಿಕೊಂಡರೆ ತಡೆಯಿಲ್ಲದೆ ಉದ್ದಕ್ಕೆ ಓಡುತ್ತದೆ.

ಅಂಚಿನ ವಿಷಯಕ್ಕೆ ಬಂದರೆ, ಹೊಸಬರು ಎಲೆಯ ಸುತ್ತಲೂ ಒಂದೇ ಸಮನೆ ಚೂಪಾದ ಅಂಚು ಬರಬೇಕೆಂದು ಒದ್ದಾಡುತ್ತಾರೆ. ಬೆಳಕಿನ ಕಡೆಯ ಅಂಚು ಚೂಪಾಗಿರಲಿ. ನೆರಳಿನ ಕಡೆ, ಒಣ ಕುಂಚದಿಂದ ಒಮ್ಮೆ ಹೊರಕ್ಕೆ ಸವರಿ ಹಿನ್ನೆಲೆಯೊಳಗೆ ಕಳೆದುಹೋಗುವಂತೆ ಮಾಡಿ. ಎಲೆ ಆಗ ಹಿಂದಕ್ಕೆ ತಿರುಗಿಕೊಳ್ಳುತ್ತದೆ. ಕೊನೆಯಲ್ಲಿ ಮೇಣದ ಹೊಳಪು: ಬಿಳಿಗೆ ಕೂದಲೆಳೆಯಷ್ಟು ನೀಲಿ ಬೆರೆಸಿ, ದಪ್ಪಗೆ, ಒಂದು ಮುಟ್ಟು. ಅದನ್ನು ಇಟ್ಟ ಮೇಲೆ ಆ ಎಲೆಯ ಹತ್ತಿರ ಮತ್ತೆ ಸುಳಿಯಬಾರದು.

ಒಂದೊಂದೇ ಎಲೆಗೆ ಇಷ್ಟು ಮರ್ಯಾದೆ ಮಾಡಿದ ಮೇಲೆ, ಮರದ ಮುಂದೆ ಕುಳಿತಾಗ ಅದನ್ನೆಲ್ಲ ಮರೆಯಬೇಕಾಗುತ್ತದೆ. ಮರದಲ್ಲಿ ಎಲೆಗಳಿರುವುದಿಲ್ಲ, ಎಲೆಗಳ ಗುಂಪುಗಳಿರುತ್ತವೆ. ಕಣ್ಣನ್ನು ಅರೆಮುಚ್ಚಿ ನೋಡಿದರೆ ನಾಲ್ಕಾರು ಕಡು ಮುದ್ದೆಗಳು, ಅವುಗಳ ನೆತ್ತಿಯ ಮೇಲೆ ತಿಳಿ ಮುದ್ದೆಗಳು ಕಾಣುತ್ತವೆ. ಮೊದಲು ಕಡುವನ್ನು ತೆಳುವಾಗಿ ಹರಡಿ, ಅದರ ಮೇಲೆ ನಡುಹಸಿರು, ಬೆಳಕು ಬಡಿಯುವ ಹೊರ ಅಂಚಿನಲ್ಲಷ್ಟೇ ಬಿಡಿ ಎಲೆಯ ಆಕಾರದ ಕೆಲವು ಮುಟ್ಟುಗಳು. ಆ ಹೊರ ಅಂಚಿನ ಹತ್ತಿಪ್ಪತ್ತು ಎಲೆಗಳನ್ನು ನೋಡಿದವರು ಮರದ ಉಳಿದ ಸಾವಿರ ಎಲೆಗಳನ್ನೂ ಕಂಡಂತೆ ಭಾವಿಸುತ್ತಾರೆ.

ಮರದ ಹಸಿರನ್ನು ಹಸಿರಾಗಿಯೇ ಬಿಡಿಸುವುದಕ್ಕೂ ಒಂದು ಕಾಲದಲ್ಲಿ ವಾದ ಹೂಡಬೇಕಾಗಿತ್ತು ಎಂದರೆ ಈಗ ನಗು ಬರುತ್ತದೆ. ನಿಸರ್ಗಚಿತ್ರವೆಂದರೆ ಹಳೆಯ ಪಿಟೀಲಿನ ಕಂದು ಬಣ್ಣದಲ್ಲಿರಬೇಕು ಎಂದು ಕಲಾಪೋಷಕ ಸರ್ ಜಾರ್ಜ್ ಬ್ಯೂಮಾಂಟ್ ಹೇಳಿದಾಗ, ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ ಮರುಮಾತಾಡದೆ ಒಂದು ಪಿಟೀಲನ್ನು ಮನೆಯ ಮುಂದಿನ ಹುಲ್ಲಿನ ಮೇಲೆ ಇಟ್ಟು ತೋರಿಸಿದನಂತೆ. ಅವನ ಎಲೆಗಳ ಮೇಲಿನ ಬಿಳಿ ಚುಕ್ಕೆಗಳನ್ನು ಕಂಡವರು ಹಿಮ ಬಿದ್ದಿದೆಯೆಂದು ಗೇಲಿ ಮಾಡಿದ್ದೂ ಉಂಟು. ಅವನು ಬಿಡಿಸುತ್ತಿದ್ದುದು ಒದ್ದೆ ಎಲೆಯ ಹೊಳಪನ್ನು.

ಮರದಲ್ಲೂ ತೆಗೆಯುವ ಕೆಲಸ ಇದೆ. ಎಲೆಗಳ ನಡುವಿನ ಕಿಂಡಿಗಳಿಂದ ಕಾಣುವ ಆಕಾಶವೇ ಮರಕ್ಕೆ ಉಸಿರು. ಹಸಿರನ್ನು ಒರೆಸಿ ಕಿಂಡಿ ತೆರೆಯಬಹುದು, ಅಥವಾ ಅದರ ಮೇಲೆ ಆಕಾಶದ ಬಣ್ಣ ಇಡಬಹುದು. ಎರಡನೆಯದಾದರೆ ಆ ಬಣ್ಣ ಹೊರಗಿನ ಆಕಾಶಕ್ಕಿಂತ ತುಸು ಕಡುವಾಗಿರಬೇಕು. ಸಣ್ಣ ಕಿಂಡಿಯ ಸುತ್ತಲ ಎಲೆಗಳು ಬೆಳಕನ್ನು ತಿನ್ನುತ್ತವೆ. ಅದೇ ಬಣ್ಣ ಇಟ್ಟರೆ ಕಿಂಡಿಗಳು ಮರದ ಹಿಂದೆ ಇರುವುದನ್ನು ಬಿಟ್ಟು ಮುಂದಕ್ಕೆ ನೆಗೆದು, ಮಿಣುಕುಹುಳಗಳ ಹಾಗೆ ಕೂತುಬಿಡುತ್ತವೆ.

ಒಣಗಿಸುವುದರ ಬಗ್ಗೆ ಎರಡು ಮಾತು, ಏಕೆಂದರೆ ಒರೆಸುವವರಿಗೆ ಇದು ಬೇಕೇ ಬೇಕು. ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣ ನೀರಿನ ಹಾಗೆ ಆರುವುದಿಲ್ಲ. ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗುತ್ತದೆ. ಅಂಬರ್ ಕಂದುಗಳಲ್ಲಿ ಮ್ಯಾಂಗನೀಸ್ ಇರುವುದರಿಂದ ಅವು ಬೇಗ ಬಿಗಿಯುತ್ತವೆ, ಆದ್ದರಿಂದಲೇ ಅಡಿಬಣ್ಣಕ್ಕೆ ಹೇಳಿ ಮಾಡಿಸಿದಂತಿವೆ. ಐವರಿ ಕಪ್ಪು ಮತ್ತು ಅಲಿಜರಿನ್ ನಿಧಾನ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಎಂಬ ಹಳೆಯ ನಿಯಮವನ್ನು ಮುರಿದರೆ ಮೇಲಿನದು ಮೊದಲು ಒಣಗಿ, ಆಮೇಲೆ ಬಿರುಕು ಬಿಡುತ್ತದೆ. ವಾರ್ನಿಷಿಗೆ ಆರು ತಿಂಗಳಾದರೂ ಕಾಯುವುದು ವಾಡಿಕೆ. ಒರೆಸಿದ ಬಟ್ಟೆಗಳನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹರವಿ ಹೊರಗೆ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿ ಮುಚ್ಚಳವಿರುವ ಲೋಹದ ಡಬ್ಬದಲ್ಲಿಡಬೇಕು.

ಕಡೆಗೆ, ಹುಳು ತಿಂದ ಎಲೆ. ಡಚ್ ಚಿತ್ರಕಾರ್ತಿ ರಾಚೆಲ್ ರೌಷ್ (1664–1750) ಬಿಡಿಸಿದ ಹೂಗೊಂಚಲುಗಳಲ್ಲಿ ನಾನು ಮೊದಲು ಹುಡುಕುವುದು ತೂತು ಬಿದ್ದ ಎಲೆಗಳನ್ನೇ. ಆಕೆಯ ತಂದೆ ಅಂಗರಚನಾಶಾಸ್ತ್ರ, ಸಸ್ಯಶಾಸ್ತ್ರ ಎರಡರಲ್ಲೂ ಹೆಸರು ಮಾಡಿದವರು. ಜೀವಿಗಳನ್ನು ಹತ್ತಿರದಿಂದ ನೋಡುವುದು ಆ ಮನೆಯ ರೂಢಿ. ಕಡಿಸಿಕೊಂಡ ಎಲೆಯೊಂದಿದ್ದರೆ ಇಡೀ ಗೊಂಚಲಿಗೆ ನಂಬಿಕೆ ಬರುತ್ತದೆ. ತೂತು ಬಿಡಿಸುವುದು ಎಲೆಯ ಕೆಲಸದಲ್ಲೇ ಅತಿ ಸುಲಭ. ಹಸಿ ಬಣ್ಣದಲ್ಲಿ ಬಟ್ಟೆಯ ಮೂಲೆಯಿಂದ ಒಂದು ವಕ್ರ ಚೂರನ್ನು ಎತ್ತಿ ತೆಗೆಯಿರಿ, ಅಡಿಯ ಕಂದು ತಾನೇ ಕಾಣಿಸಿಕೊಳ್ಳುತ್ತದೆ. ತೂತಿನ ಅಂಚಿಗೆ ಬರ್ಂಟ್ ಸಿಯೆನ್ನಾದ ತೆಳು ಗೆರೆ, ಪೂರ್ತಿ ಸುತ್ತಲೂ ಬೇಡ, ಒಂದು ಕಡೆ ಸಾಕು. ಬೆಳಕು ತೂತಿನಿಂದ ಹಾದು ಕೆಳಗಿನ ಎಲೆಯ ಮೇಲೆ ಬೀಳುವಂತಿದ್ದರೆ ಅಲ್ಲಿ ಹಳದಿಯ ಒಂದು ಚುಕ್ಕೆ, ಅದರ ಆಕಾರ ಮೇಲಿನ ತೂತಿಗಿಂತ ತುಸು ಉದ್ದ. ಒಂದು ಚಿತ್ರಕ್ಕೆ ಇಂಥ ಎಲೆ ಒಂದೆರಡು ಇರಲಿ, ಎಲ್ಲವನ್ನೂ ಹುಳುವಿಗೆ ಕೊಡಬೇಡಿ.